ಋತುಪರ್ಣನ ಲೆಕ್ಕ

ಸುಳ್ಯ, ಕಡಬ ತಾಲ್ಲೂಕುಗಳ ಕಾಡುಗಳಲ್ಲಿ ಬೆಳೆಯುವ ಮರಗಳಲ್ಲಿ ತಾರೆಯೂ ಒಂದು. ಅಳಲೆ, ನೆಲ್ಲಿಗಳೊಡನೆ ಕೂಡಿ ತ್ರಿಫಲೆಯಾಗುವ ಅದರ ಕಾಯಿ ಮನೆಮದ್ದಿನ ಡಬ್ಬಿಗೆ ಹೊಸತಲ್ಲ. ಆದರೆ ಈ ಕಾಯಿಗೆ ಮದ್ದಿನ ಕೀರ್ತಿಯೊಡನೆ ಜೂಜಿನ ಅಪಕೀರ್ತಿಯೂ ಅಂಟಿಕೊಂಡಿದೆ. ವೇದಕಾಲದ ಜೂಜುಗಾರರು ದಾಳಗಳಾಗಿ ಎಸೆಯುತ್ತಿದ್ದುದು ವಿಭೀತಕವೆಂಬ ಈ ತಾರೆಯ ಕಾಯಿಗಳನ್ನೇ.

ಪುಷ್ಕರನೊಡನೆ ಜೂಜಾಡಿ ರಾಜ್ಯಕೋಶಗಳನ್ನು ಕಳೆದುಕೊಂಡ ನಳನ ಕಥೆ ಕನಕದಾಸರ 'ನಳಚರಿತ್ರೆ'ಯಿಂದಲೂ ಯಕ್ಷಗಾನ ತಾಳಮದ್ದಳೆಗಳಿಂದಲೂ ಪುತ್ತೂರು ಸೀಮೆಯವರಿಗೆ ಚಿರಪರಿಚಿತ. ಅದರ ಒಂದು ಪ್ರಸಂಗವನ್ನು ವಾಚಕರು ನೆನೆಯಬೇಕು. ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನಿಗೆ ಋತುಪರ್ಣ ರಾಜನು ದಾರಿಬದಿಯ ತಾರೆಯ ಮರವೊಂದನ್ನು ತೋರಿಸಿ, ಅದರ ಎರಡು ಕೊಂಬೆಗಳಲ್ಲಿ 2095 ಕಾಯಿಗಳಿವೆಯೆಂದು ನಿಂತಲ್ಲಿಂದಲೇ ಹೇಳಿದನೆಂದು ವನಪರ್ವ ತಿಳಿಸುತ್ತದೆ. ನಳನು ಎಣಿಸಿ ನೋಡಿದನು, ಲೆಕ್ಕ ಸರಿಯಾಗಿತ್ತು. ಈ ಎಣಿಕೆಯ ವಿದ್ಯೆಯೂ ದಾಳದ ಮರ್ಮವಾದ ಅಕ್ಷಹೃದಯವೂ ಜೊತೆಜೊತೆಯಾಗಿಯೇ ಋತುಪರ್ಣನಲ್ಲಿದ್ದವು. ಸಂಭವನೀಯತೆಯ ಚರಿತ್ರೆಯನ್ನು ಬರೆದ ಕೆನಡದ ತತ್ತ್ವಜ್ಞ ಇಯಾನ್ ಹ್ಯಾಕಿಂಗ್ 1975ರ ತಮ್ಮ ಗ್ರಂಥದಲ್ಲಿ ಈ ಪ್ರಸಂಗದತ್ತ ವಿದ್ವಾಂಸರ ಗಮನ ಸೆಳೆದರು.

ಎಣಿಕೆಗೂ ಜೂಜಿಗೂ ಇರುವ ಈ ನಂಟು ಇಂದಿನ ಪೋಕರ್ ಎಂಬ ಇಸ್ಪೀಟಾಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಆಟಗಾರನ ಕೈಯಲ್ಲಿ ಎರಡು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಹಂತಹಂತವಾಗಿ ತೆರೆದುಕೊಳ್ಳುತ್ತವೆ. ನಾಲ್ಕು ತೆರೆದಿವೆ, ಒಂದು ಉಳಿದಿದೆ ಎನ್ನೋಣ. ಒಬ್ಬನ ಕೈ ಈಗಾಗಲೇ ಬಲವಾಗಿದೆ. ಎದುರಾಳಿಯ ಬಳಿ ಒಂದೇ ಜಾತಿಯ ನಾಲ್ಕು ಎಲೆಗಳು ಕೂಡಿವೆ; ಐದನೆಯದು ಬಂದರೆ ಗೆಲುವು ಅವನದು, ಬಾರದಿದ್ದರೆ ಸೋಲು. ಈ ಅರೆಗೂಡಿದ ಕೈಯ ಆಸೆಗೆ ಎಷ್ಟು ಬೆಲೆ ಕಟ್ಟಬೇಕು?

ಎದುರಾಳಿ ಕಂಡಿರುವುದು ಆರು ಎಲೆ; ಕಾಣದಿರುವುದು 46. ಅವುಗಳಲ್ಲಿ ಅವನಿಗೆ ಒದಗುವುವು 9, ಒದಗದಿರುವುವು 37. ಅಂಗಳದ ಹೆಡಿಗೆಯಲ್ಲಿ 9 ಹಣ್ಣಡಿಕೆ, 37 ಕಾಯಡಿಕೆ ಇಟ್ಟು, ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಹಣ್ಣು ಬರುವ ಸಂಭವವೆಷ್ಟೋ ಅಷ್ಟೇ ಇದೂ: ಸುಮಾರು ಐದಕ್ಕೆ ಒಂದು.

ಮೇಜಿನ ಮೇಲೆ 100 ರೂಪಾಯಿ ಇದೆಯೆನ್ನೋಣ. ಬಲವಾದ ಕೈಯವನು 25 ರೂಪಾಯಿ ಪಣ ಹೂಡಿದರೆ, ಎದುರಾಳಿ 25 ಕೊಟ್ಟು 125ನ್ನು ಗೆಲ್ಲುವ ಅವಕಾಶ ಪಡೆಯುತ್ತಾನೆ. ಇಂಥ 46 ಆಟಗಳ ಸರಾಸರಿಯಲ್ಲಿ ಒಂಬತ್ತು ಸಲ ಗೆದ್ದು 1125 ಗಳಿಸಿ, 37 ಸಲ ಸೋತು 925 ಕಳೆದು, 200 ಉಳಿಸುತ್ತಾನೆ. ಪಣ 50 ಆದರೆ ಕಥೆ ತಲೆಕೆಳಗು: ಗಳಿಕೆ 1350, ನಷ್ಟ 1850, ಕೈಬಿಟ್ಟದ್ದು 500. ಇವೆರಡರ ನಡುವೆ, ಸುಮಾರು 32 ರೂಪಾಯಿಯಲ್ಲಿ, ತಕ್ಕಡಿ ಸಮನಾಗುತ್ತದೆ. ಹಾಗಾದರೆ ಒಮ್ಮೆಗೇ 200 ಹೂಡಬಾರದೇಕೆ? ಅರೆಗೈಯವನು ಎಲೆ ಮಡಚಿ ಎದ್ದುಹೋಗುತ್ತಾನೆ. ಅಷ್ಟಕ್ಕೂ ಒಪ್ಪಿ ಕೂರುವವನು ಬಹುಶಃ ಇನ್ನೂ ಬಲವಾದ ಕೈಯವನು. ಎದುರಾಳಿಗೆ ನಷ್ಟವಾಗುವಷ್ಟು ದೊಡ್ಡದು, ಆದರೆ ಅವನು ಒಪ್ಪುವಷ್ಟು ಚಿಕ್ಕದು: ಪಣದ ಅಳತೆ ಇರುವುದು ಈ ಇಕ್ಕಟ್ಟಿನಲ್ಲಿ.

ಟೂರ್ನಮೆಂಟುಗಳಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಮರುಪ್ರವೇಶವಿಲ್ಲದಿದ್ದರೆ ಬಿಲ್ಲೆಗಳು ಮುಗಿದವನು ಎದ್ದುಹೋಗಬೇಕು. ಬಿಲ್ಲೆಗಳು ಇಮ್ಮಡಿಯಾದರೆ ಬಹುಮಾನದ ಆಸೆ ಇಮ್ಮಡಿಯಾಗದು. ಎಲ್ಲವೂ ಹೋದರೆ ಮಾತ್ರ ಆಸೆ ಪೂರ್ಣ ಸೊನ್ನೆ. ಆದ್ದರಿಂದ ಬಲವಾದ ಕೈಯವನೂ ತನ್ನ ಸರ್ವಸ್ವವನ್ನು ಒಂದೇ ಎಲೆಗೆ ಒಡ್ಡುವ ಮುನ್ನ ಎರಡು ಸಲ ಯೋಚಿಸುತ್ತಾನೆ.

ಈ ಲೆಕ್ಕವನ್ನು ಬಲ್ಲವರು ಕೆಲವರು. ಬಲ್ಲೆವೆಂದು ಕೂರುವವರು ಅನೇಕರು. 50 ರೂಪಾಯಿ ತೆತ್ತವನು 46 ಆಟಗಳಲ್ಲಿ ಒಂಬತ್ತು ಸಲ ಗೆಲ್ಲುತ್ತಾನಷ್ಟೆ. ಆ ಒಂಬತ್ತು ಗೆಲುವುಗಳು ಅವನ ನೆನಪಿನಲ್ಲಿ ದೀಪದಂತೆ ಬೆಳಗುತ್ತವೆ. 37 ಸೋಲುಗಳು ಕತ್ತಲಲ್ಲಿ ಕರಗುತ್ತವೆ. ಪೋಕರ್ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ವಾದ ನ್ಯಾಯಾಲಯಗಳ ಮೆಟ್ಟಿಲೇರಿದುದುಂಟು. ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೆಣಿಸದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕೇಂದ್ರದ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ಇಸ್ಪೀಟನ್ನು ಮುಟ್ಟದ ಮನೆಗಳಿಗೂ ಪಣದ ಅಳತೆ ಪರಕೀಯವಲ್ಲ. ಚಾಲಿ ಅಡಿಕೆಯನ್ನು ಉಗ್ರಾಣದಲ್ಲಿಟ್ಟು, ಧಾರಣೆ ಏರೀತೆಂದು ಕಾಯುವ ಪುತ್ತೂರಿನ ಕೃಷಿಕನೂ ಅರೆಗೂಡಿದ ಕೈಯನ್ನೇ ಹಿಡಿದಿದ್ದಾನೆ. ಧಾರಣೆಯ ಕುಸಿತದಿಂದ ಕಂಗೆಟ್ಟ ಬೆಳೆಗಾರರ ಆಸರೆಗೆಂದೇ 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿತು. ಆದರೂ ಎಷ್ಟನ್ನು ಮಾರಬೇಕು, ಎಷ್ಟನ್ನು ಕಾದಿರಿಸಬೇಕು ಎಂಬ ತೀರ್ಮಾನ ಮನೆಯ ಯಜಮಾನನದೇ. ಮಕ್ಕಳ ಶುಲ್ಕಕ್ಕೂ ಆಳುಗಳ ಕೂಲಿಗೂ ಬೇಕಾದಷ್ಟನ್ನು ಮೊದಲು ಮಾರಿ, ಮಿಕ್ಕುದನ್ನು ಕಾದಿರಿಸುವವನು ಧಾರಣೆ ಇಳಿದರೂ ಮರುವರ್ಷದ ಬೆಳೆಗೆ ತೋಟದಲ್ಲಿಯೇ ಇರುತ್ತಾನೆ. ಎಲ್ಲವನ್ನೂ ಕಾದಿರಿಸಿ ಸಾಲದ ಮೇಲೆ ಸಂಸಾರ ನಡೆಸುವವನು ಆ ಒಂದು ಎಲೆಗೆ ಸರ್ವಸ್ವವನ್ನು ಒಡ್ಡಿದಂತೆಯೇ.

ಮುಂದಿನ ಎಲೆ ಯಾವುದೆಂಬುದನ್ನು ಯಾವ ಗಣಿತವೂ ಹೇಳದು. ಅದನ್ನು ನೋಡುವುದಕ್ಕೆ ಎಷ್ಟು ತೆರಬಹುದು, ಎಷ್ಟು ಮೀರಬಾರದು ಎಂಬುದನ್ನಷ್ಟೇ ಅದು ಹೇಳುತ್ತದೆ. ಎಣಿಸಲರಿಯದೆ ನಳನು ಕಳೆದುದು ಒಂದು ರಾಜ್ಯವನ್ನು. ಸಾಮಾನ್ಯ ಸಂಸಾರವೊಂದು ಕಳೆದುಕೊಳ್ಳುವುದು ಅದಕ್ಕಿಂತ ಸಣ್ಣದೆಂದು ಆ ಮನೆಯವರಿಗೆ ಅನಿಸಲಾರದು.