ಎಂಜಿನ್ ಹಿಂದೆ, ಪೆಡಲ್ ಮುಂದೆ

ಮೂತಿಯಿಲ್ಲದ ಚಪ್ಪಟೆ ಮುಖ, ಎರಡು ದುಂಡು ದೀಪ, ನಡುವೆ ತಟ್ಟೆಯಗಲದ ಲಾಂಛನ. ಫೋಕ್ಸ್‌ವ್ಯಾಗನ್‌ನ ಹಳೆಯ ವ್ಯಾನನ್ನು ಸಿನಿಮಾದಲ್ಲೋ ಕ್ಯಾಲೆಂಡರಿನಲ್ಲೋ ನೋಡದವರು ಕಡಿಮೆ. 1950ರಲ್ಲಿ ಜರ್ಮನಿಯಲ್ಲಿ ಇದರ ತಯಾರಿಕೆ ಶುರುವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದರೊಳಗೆ ಹಾಸಿಗೆ, ಕಪಾಟು ಕೂರಿಸಿ ‘ಕ್ಯಾಂಪರ್’ ಮಾಡಿತು. ಆಗಿನ ಎಂಜಿನ್ನಿನ ಶಕ್ತಿ ಬರೀ 25 ಅಶ್ವಶಕ್ತಿ. ಓಟವೇ ನಿಧಾನವಾದ್ದರಿಂದ ನಿಲ್ಲಿಸುವ ಚಿಂತೆ ಯಾರಿಗೂ ಅಷ್ಟಾಗಿ ಇರಲಿಲ್ಲ.

ಈಗ ಹಾಗಲ್ಲ. ನೀರು, ಗ್ಯಾಸು, ಸಾಮಾನು, ಸಂಸಾರ ಎಲ್ಲ ಹತ್ತಿದರೆ ಎಪ್ಪತ್ತರ ದಶಕದ ಕ್ಯಾಂಪರ್ ಎರಡು ಟನ್ ದಾಟುತ್ತದೆ. ಎದುರಿನ ಹೊಸ ಕಾರು ಗಕ್ಕನೆ ನಿಂತಾಗ ಇದರ ಚಾಲಕ ಸೀಟಿಗೆ ಬೆನ್ನು ಒತ್ತಿ, ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಬೇಕು. ಹೀಗಾಗಿ ಜರ್ಮನಿ, ಬ್ರಿಟನ್ನಿನ ಹಳೆ ವ್ಯಾನ್ ಗ್ಯಾರೇಜುಗಳಲ್ಲಿ ಪವರ್ ಬ್ರೇಕ್ ಕೂರಿಸುವುದೇ ಒಂದು ಕಸುಬು.

ನಮ್ಮ ಮೆಕ್ಯಾನಿಕ್‌ಗಳು ಬ್ರೇಕ್ ಬೂಸ್ಟರ್ ಎನ್ನುವ ವಸ್ತುವನ್ನೇ ಅಲ್ಲಿ ಸರ್ವೋ ಎನ್ನುತ್ತಾರೆ. ತಗಡಿನ ಡಬ್ಬಿ, ಅದರೊಳಗೊಂದು ರಬ್ಬರ್ ಡಯಾಫ್ರಾಮ್. ಪೆಟ್ರೋಲ್ ಎಂಜಿನ್ ಉಸಿರು ಎಳೆಯುವಾಗ ಮ್ಯಾನಿಫೋಲ್ಡ್‌ನಲ್ಲಿ ಹುಟ್ಟುವ ನಿರ್ವಾತ ಡಬ್ಬಿಯ ಎರಡೂ ಕಡೆ ತುಂಬಿರುತ್ತದೆ. ಪೆಡಲ್ ಒತ್ತಿದೊಡನೆ ಒಂದು ಕಡೆಗೆ ಹೊರಗಿನ ಗಾಳಿ ನುಗ್ಗಿ ಡಯಾಫ್ರಾಮನ್ನು ದೂಡುತ್ತದೆ. ಒಂಬತ್ತು ಇಂಚು ಅಗಲದ ಡಯಾಫ್ರಾಮ್ ಎಂದುಕೊಳ್ಳಿ: ವಿಸ್ತೀರ್ಣ ಸುಮಾರು 410 ಚದರ ಸೆಂಟಿಮೀಟರ್. ಎರಡು ಕಡೆಯ ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.6 ಕಿಲೋ ಇದ್ದರೂ 245 ಕಿಲೋದಷ್ಟು ತಳ್ಳು ಸಿಗುತ್ತದೆ. ಪೈಸೆ ಖರ್ಚಿಲ್ಲದೆ ಗಾಳಿ ಮಾಡಿಕೊಡುವ ಕೆಲಸ ಇದು.

ಹೆಚ್ಚಿನ ಕಾರುಗಳಲ್ಲಿ ಬಾನೆಟ್ ಕೆಳಗೇ ಎಂಜಿನ್, ಪಕ್ಕದಲ್ಲೇ ಬೂಸ್ಟರ್; ಗೇಣುದ್ದದ ಪೈಪಿನಲ್ಲಿ ಕೆಲಸ ಮುಗಿಯಿತು. ಈ ವ್ಯಾನಿನ ಫಜೀತಿಯೇ ಬೇರೆ. ನಿರ್ವಾತ ಹುಟ್ಟುವುದು ಹಿಂದಿನ ಬಂಪರ್ ಬಳಿ, ಬೇಕಾಗಿರುವುದು ಚಾಲಕನ ಕಾಲಡಿಯಲ್ಲಿ. ನಾಲ್ಕೂವರೆ ಮೀಟರ್ ಉದ್ದದ ಗಾಡಿಯ ಹೊಟ್ಟೆಯಡಿ ಪೈಪ್ ಎಳೆಯಬೇಕು. ಸುಮ್ಮನೆ ರಬ್ಬರ್ ಪೈಪ್ ಎಳೆದರೆ, ಮೆತ್ತಗಾದ ಕಾಗದದ ಸ್ಟ್ರಾದಲ್ಲಿ ಎಳನೀರು ಹೀರಿದಂತೆ ಅದು ಒಳಕ್ಕೆ ಮುದುಡಿಕೊಳ್ಳುತ್ತದೆ. ಅದಕ್ಕೆ ಉದ್ದಕ್ಕೂ ಲೋಹದ ಪೈಪು, ತುದಿಗಳಲ್ಲಿ ಮಾತ್ರ ನಿರ್ವಾತಕ್ಕೆಂದೇ ಮಾಡಿದ ದಪ್ಪ ರಬ್ಬರ್. ನಡುವೆ ಒಂದು ಚೆಕ್ ವಾಲ್ವ್. ಎಂಜಿನ್ ನಿಂತರೂ ಒಂದೆರಡು ಬ್ರೇಕಿಗೆ ಸಾಕಾಗುವ ನಿರ್ವಾತವನ್ನು ಹಿಡಿದಿಡುವುದು ಇದೇ. ಅದರ ಮೇಲಿನ ಬಾಣದ ಗುರುತು ನೋಡದೆ ತಿರುವುಮುರುವಾಗಿ ಹಾಕಿದರೆ ಇಡೀ ಶ್ರಮ ದಂಡ. ಕಾರ್ಬೊರೇಟರ್ ಒಂದೇ ಇದ್ದರೆ ನಿರ್ವಾತ ತೆಗೆಯುವುದು ಸುಲಭ. ಎರಡಿದ್ದರೆ ಎರಡೂ ಕಡೆಯಿಂದ ತಂದು ಕೂಡಿಸುವುದು ವಾಸಿ. ಒಂದೇ ಕಡೆಯಿಂದ ತೆಗೆದರೆ ಎಳೆತ ಬಿಟ್ಟು ಬಿಟ್ಟು ಬರುತ್ತದೆ.

1967ರವರೆಗಿನ, ಮುಂಗಾಜು ಎರಡು ಹೋಳಾಗಿರುವ ವ್ಯಾನುಗಳಲ್ಲಿ ಪೆಡಲ್ ಬಳಿ ಡಬ್ಬಿಗೆ ಜಾಗವೇ ಇಲ್ಲ. ಅಲ್ಲಿ ರಿಮೋಟ್ ಸರ್ವೋ ಬಳಸುತ್ತಾರೆ. ಅದನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಮಾಸ್ಟರ್ ಸಿಲಿಂಡರಿನಿಂದ ಬಂದ ಬ್ರೇಕ್ ಆಯಿಲಿನ ಒತ್ತಡವನ್ನೇ ಹೆಚ್ಚಿಸಿ ಮುಂದಕ್ಕೆ ಕಳಿಸುತ್ತದೆ. ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು ಲೈನ್ ಇರುವ ಗಾಡಿಗಳಲ್ಲಿ ಹಲವರು ಅದನ್ನು ಮುಂದಿನ ಲೈನಿಗೆ ಮಾತ್ರ ಹಾಕುತ್ತಾರೆ.

ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಗಾಡಿಯಲ್ಲಿರುವುದು ಡ್ರಮ್ಮೋ ಡಿಸ್ಕೋ? ಡ್ರಮ್ಮಿನ ಶೂಗಳನ್ನು ತಿರುಗುವ ಡ್ರಮ್ಮೇ ತನ್ನತ್ತ ಎಳೆದುಕೊಳ್ಳುವುದರಿಂದ ಕಾಲಿಗೆ ಅರ್ಧ ಕೆಲಸ ಉಳಿಯುತ್ತದೆ. ಡಿಸ್ಕ್‌ಗೆ ಆ ಗುಣವಿಲ್ಲ; ಒತ್ತಿದಷ್ಟೇ ಹಿಡಿತ. 1970ರ ಆಗಸ್ಟ್‌ನಿಂದ ಈ ವ್ಯಾನಿನ ಮುಂದಿನ ಗಾಲಿಗಳಿಗೆ ಡಿಸ್ಕ್ ಬಂತು. ಅಂಥ ಗಾಡಿಗೆ ಸರ್ವೋ ನಿಜವಾಗಿ ಬೇಕು. ಡ್ರಮ್ ಗಾಡಿಗೆ? ಹೊಸ ಲೈನಿಂಗ್ ಹಾಕಿ, ಶೂ ಸರಿಯಾಗಿ ಅಡ್ಜಸ್ಟ್ ಮಾಡಿ, ಹಳೆ ಆಯಿಲ್ ಚೆಲ್ಲಿ ಏರ್ ತೆಗೆದರೆ ಮುಕ್ಕಾಲು ದೂರು ತಾನಾಗಿ ಹೋಗುತ್ತದೆ ಎಂಬುದು ನನ್ನ ಎಣಿಕೆ. ಆಲ್ಪ್ಸ್ ಇಳಿಜಾರಿನಲ್ಲಿ ಕಾದು ಹಿಡಿತ ಬಿಟ್ಟ ಡ್ರಮ್ಮಿಗೆ ಎಷ್ಟು ದೊಡ್ಡ ಬೂಸ್ಟರ್ ಇದ್ದರೂ ಜೀವ ಬರುವುದಿಲ್ಲ. ಸರ್ವೋ ಕಾಲಿನ ಭಾರ ಇಳಿಸುತ್ತದೆ, ಅಷ್ಟೆ. ಶಾಖ ಹೊರುವವು ಡ್ರಮ್ಮು, ರಸ್ತೆ ಹಿಡಿಯುವವು ಟೈರು.

ಎತ್ತರದ ಘಾಟಿಗಳಲ್ಲಿ ಇನ್ನೊಂದು ತಂಟೆ. ಎರಡು ಸಾವಿರ ಮೀಟರ್ ಮೇಲೆ ಗಾಳಿಯ ಒತ್ತಡವೇ ಐದನೇ ಒಂದರಷ್ಟು ಕಡಿಮೆ, ಹಾಗಾಗಿ ಸರ್ವೋದ ನೆರವೂ ಕಡಿಮೆ. ಎರಡನೇ ಗೇರಿನಲ್ಲಿ ಇಳಿಯುವ ಹಳೆಯ ಪಾಠಕ್ಕೆ ಪರ್ಯಾಯವಿಲ್ಲ.

ಜರ್ಮನಿಯಲ್ಲಿ ಬ್ರೇಕ್ ಬದಲಿಸಿ ಸುಮ್ಮನಿರುವಂತಿಲ್ಲ; ತಪಾಸಣೆಯಾಗಿ ಗಾಡಿಯ ದಾಖಲೆಗೆ ಸೇರಬೇಕು. ಮೂವತ್ತು ವರ್ಷ ದಾಟಿದ ಗಾಡಿಗಳಿಗೆ 1997ರಿಂದ ಸಿಗುತ್ತಿರುವ ‘ಎಚ್’ ನಂಬರ್ ಪ್ಲೇಟ್ ಉಳಿಯಬೇಕಾದರೆ ಬದಲಾವಣೆ ಆ ಕಾಲಕ್ಕೆ ಒಪ್ಪುವಂತಿರಬೇಕು. ಫೋಕ್ಸ್‌ವ್ಯಾಗನ್ನಿನ ಹಳೆಯ ಅಸಲಿ ಸರ್ವೋಗಳನ್ನು ಹುಡುಕಿ ರಿಪೇರಿ ಮಾಡಿಸುವವರಿಗೆ ಇದೂ ಒಂದು ಕಾರಣ. ಬ್ರೆಜಿಲ್‌ನಲ್ಲಂತೂ ಇದೇ ವ್ಯಾನ್ ‘ಕೊಂಬಿ’ ಹೆಸರಿನಲ್ಲಿ 2013ರವರೆಗೆ ತಯಾರಾಯಿತು. ಏರ್‌ಬ್ಯಾಗ್, ಎಬಿಎಸ್ ಕಡ್ಡಾಯವಾದ ಮೇಲೆ ಕೈಬಿಟ್ಟರು.

ಕೂರಿಸಿದ್ದು ಸರಿಯಿದೆಯೇ ಎಂದು ನೋಡಲು ಉಪಕರಣ ಬೇಡ. ಎಂಜಿನ್ ಆರಿಸಿ, ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಹೊಡೆದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ಕೆಳಗಿಳಿದರೆ ಸರ್ವೋ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಪೈಪಿನ ಜೋಡಣೆಗಳನ್ನು ನೋಡಿ. ಎಂಜಿನ್ ಐಡಲ್‌ನಲ್ಲಿ ಮುಗ್ಗರಿಸಿದರೆ ಎಲ್ಲೋ ಗಾಳಿ ಸೋರುತ್ತಿದೆ. ಹೊಗೆಕೊಳವೆಯಲ್ಲಿ ಬಿಳಿ ಹೊಗೆ ಬಂದು, ಬ್ರೇಕ್ ಆಯಿಲಿನ ಮಟ್ಟವೂ ಇಳಿಯುತ್ತಿದ್ದರೆ ಒಳಗಿನ ಸೀಲ್ ಹೋಗಿ ಆ ಬ್ರೇಕ್ ಆಯಿಲನ್ನು ಎಂಜಿನ್ ಕುಡಿಯುತ್ತಿದೆ ಎಂಬ ಶಂಕೆ. ಆಗ ಗಾಡಿ ಅಲ್ಲೇ ನಿಲ್ಲಲಿ, ಡಬ್ಬಿ ಬಿಚ್ಚಬೇಕು.