ನಿಮಗಿದು ಗೊತ್ತೇ?: ಡಾಕ್ಟರು ನಮ್ಮ ಭಾಷೆ ಆಡಿದರೆ

ಅಮೆರಿಕದಲ್ಲಿ ಹೆಚ್ಚುಕಡಿಮೆ ಐವರಲ್ಲೊಬ್ಬರು ಹಿಸ್ಪಾನಿಕ್ (ಲ್ಯಾಟಿನೊ), ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು. 2020ರ ಜನಗಣತಿಯಲ್ಲೇ 6.2 ಕೋಟಿ ದಾಟಿದ್ದರು. ಅಲ್ಲಿನ ಡಾಕ್ಟರುಗಳಲ್ಲಿ ಅವರು ನೂರಕ್ಕೆ ಹತ್ತು ಮಂದಿಯೂ ಇಲ್ಲ.

ಡಾಕ್ಟರ ಭಾಷೆ ಬದಲಾದರೆ ರೋಗಿಯ ಸಕ್ಕರೆ ಇಳಿದೀತೇ? ಇಳಿದಿದೆ! ಇಂಗ್ಲಿಷ್ ಅಷ್ಟಾಗಿ ಬಾರದ ಲ್ಯಾಟಿನೊ ಮಧುಮೇಹಿಗಳ ಬಗ್ಗೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸ್ಪ್ಯಾನಿಷ್ ಬಲ್ಲ ವೈದ್ಯರ ಬಳಿಗೆ ಬದಲಾದವರಲ್ಲಿ ಸಕ್ಕರೆ ಹತೋಟಿಗೆ ಬಂದವರು, ಇಂಗ್ಲಿಷ್ ವೈದ್ಯರಲ್ಲೇ ಉಳಿದವರಿಗಿಂತ ನೂರಕ್ಕೆ ಹತ್ತು ಮಂದಿ ಹೆಚ್ಚು.

ನಡುವೆ ದುಭಾಷಿ ಇದ್ದರೆ ಸಾಕಲ್ಲವೇ? ಮಕ್ಕಳ ಚಿಕಿತ್ಸೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿಕೊಂಡು ನಡೆಸಿದ 2003ರ ಅಧ್ಯಯನದಲ್ಲಿ ಪ್ರತಿ ಭೇಟಿಗೆ ಸರಾಸರಿ 31 ತಪ್ಪು ಸಿಕ್ಕವು. ಕಿವಿ ಸೋಂಕಿಗೆ ಕುಡಿಸಬೇಕಾದ ಅಮಾಕ್ಸಿಸಿಲಿನ್ ಔಷಧಿಯನ್ನು ಎರಡೂ ಕಿವಿಗೆ ಹಾಕುವಂತೆ ಒಬ್ಬ ತಾಯಿಗೆ ಹೇಳಲಾಗಿತ್ತು. ತರಬೇತಿ ಇಲ್ಲದವರು ದುಭಾಷಿಯಾದಾಗ ಅಪಾಯದ ತಪ್ಪುಗಳೇ ಹೆಚ್ಚು.

ಇನ್ನು ಆಸ್ಪತ್ರೆಗಳ ಬಗ್ಗೆ ಈ ಜನರಿಗಿರುವ ಅಪನಂಬಿಕೆಗೆ ಕಾರಣವೇ ಇಲ್ಲವೆನ್ನುವವರು ಲಾಸ್ ಏಂಜಲಿಸ್‌ನ ಈ ಕಥೆ ಕೇಳಬೇಕು. 1970ರ ದಶಕದ ಆರಂಭದಲ್ಲಿ ಅಲ್ಲಿನ ಕೌಂಟಿ ಆಸ್ಪತ್ರೆಗೆ ಹೆರಿಗೆಗೆಂದು ಬಂದ ಮೆಕ್ಸಿಕನ್ ಮೂಲದ ಹಲವು ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ನೋವು ತಿನ್ನುತ್ತಿದ್ದವರ ಮುಂದೆ ಇಂಗ್ಲಿಷಿನ ಒಪ್ಪಿಗೆ ಪತ್ರ ಹಿಡಿದು ಸಹಿ ಹಾಕಿಸಿಕೊಂಡಿದ್ದೂ ಉಂಟು. ತಮಗೇನಾಗಿದೆ ಎಂದು ಕೆಲವರಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಹತ್ತು ಮಂದಿ ಕೋರ್ಟಿಗೆ ಹೋದರು, 1978ರಲ್ಲಿ ಸೋತರು. ಕೌಂಟಿ ಕ್ಷಮೆ ಕೇಳಿದ್ದು 2018ರಲ್ಲಿ. ನಾಲ್ಕು ದಶಕ! ಅಂಥ ಗಾಯ ಒಂದು ತಲೆಮಾರಿಗೆ ಮಾಯುವುದಿಲ್ಲ.

ಹಾಗಾದರೆ ತಮ್ಮದೇ ಜನಾಂಗದ ಡಾಕ್ಟರು ಸಿಕ್ಕರೆ ಎಲ್ಲವೂ ಸರಿಹೋದೀತೇ? ಹಾಗೂ ಹೇಳಲಾಗದು. ಲ್ಯಾಟಿನೊ ಹೆಸರಿದ್ದೂ ಸ್ಪ್ಯಾನಿಷ್ ಬಾರದ ವೈದ್ಯರಿದ್ದಾರೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವ, ಮಿಶ್ಟೆಕ್ ಭಾಷೆಯ ಎಷ್ಟೋ ಮೆಕ್ಸಿಕನ್ನರಿಗೆ ಸ್ಪ್ಯಾನಿಷೂ ಪರಭಾಷೆಯೇ. ರಕ್ತಸಂಬಂಧಕ್ಕಿಂತ ಮಾತು ತಿಳಿಯುವುದೇ ಮೊದಲು ಎಂಬುದು ನನ್ನ ಅಭಿಪ್ರಾಯ.

ಭಾಷೆ ಬಲ್ಲ ವೈದ್ಯರ ಕೊರತೆ ನೀಗಲು ಮೆಕ್ಸಿಕೊದಿಂದಲೇ ವೈದ್ಯರನ್ನು ಕರೆಸಿಕೊಳ್ಳುವುದಕ್ಕೆ ಕ್ಯಾಲಿಫೋರ್ನಿಯಾ 2002ರಲ್ಲೇ ಕಾನೂನು ಮಾಡಿತು. ಮೊದಲ ತಂಡ ಬಂದದ್ದು 2021ರಲ್ಲಿ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟಿರುವ ಕನ್ನಡದ ಅಪ್ಪ-ಅಮ್ಮಂದಿರೇ, ಇದು ನಿಮಗೂ ಬೇಕಾದ ಸಂಗತಿ. ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಮೊಮ್ಮಗುವಿನ ಕೈಲಿ ಹೇಳಿಸಬೇಡಿ. ಕನ್ನಡ ಬಲ್ಲವರು ಬೇಕೆಂದು ಸಂಕೋಚವಿಲ್ಲದೆ ಕೇಳಿ.