ಹತ್ತು ಕಣ್ಣುಗಳ ಮುಂದೆ ಒಂದು ಚಿತ್ರ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳ ಮೇಲಣ ಶಿಲ್ಪಪಂಕ್ತಿಗಳನ್ನು ಬರಿಯ ಬೆಳಕಿನ ಬಲದಿಂದ ಕಾಗದಕ್ಕೆ ಇಳಿಸಿದ ಮೊದಮೊದಲಿನವರು ಛಾಯಾಗ್ರಹಣವನ್ನು ಜೀವನೋಪಾಯವಾಗಿ ಹಿಡಿದವರಲ್ಲ; ಒಬ್ಬನು ಮದರಾಸು ಸೈನ್ಯದ ಕ್ಯಾಪ್ಟನ್ ಲಿನೀಯಸ್ ಟ್ರೈಪ್, ಇನ್ನೊಬ್ಬನು ಅದೇ ಪ್ರಾಂತ್ಯದ ವೈದ್ಯಸೇವೆಯಲ್ಲಿದ್ದ ಡಾಕ್ಟರ್ ನೀಲ್. 1854ರ ಡಿಸೆಂಬರಿನಲ್ಲಿ ಟ್ರೈಪನು ಬೇಲೂರು ಹಳೇಬೀಡುಗಳಿಗೆ ಬಂದು, ಕಾಗದದ ನೆಗೆಟಿವ್‌ಗಳ ಮೇಲೆ ಆ ಗುಡಿಗಳ ರೂಪವನ್ನು ಹಿಡಿದಾಗ ಅವನಿಗೆ ಸರ್ಕಾರದ ಛಾಯಾಗ್ರಾಹಕನೆಂಬ ಹುದ್ದೆಯಾಗಲಿ ಅದರ ಸಂಬಳವಾಗಲಿ ಇರಲಿಲ್ಲ. ಆ ನೇಮಕವಾದದ್ದು 1856ರಲ್ಲಿ. ಆ ನಡುವೆ, 1855ರಲ್ಲಿ, ಮದರಾಸಿನ ವಸ್ತುಪ್ರದರ್ಶನಕ್ಕೆ ಅವನು ತನ್ನ ಚಿತ್ರಗಳನ್ನು ಒಪ್ಪಿಸಿದನು. ತೀರ್ಪುಗಾರರು ನೋಡಿ ಮೆಚ್ಚಿದರು. ನೀಲನ ಚಿತ್ರಗಳು ಪಿಗೂ ಮತ್ತು ಬಿಗ್ಸ್ ಎಂಬಿಬ್ಬರ ಚಿತ್ರಗಳೊಡನೆ ಸೇರಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಒಂದು ಮಹಾಗ್ರಂಥದಲ್ಲಿ 1866ರಲ್ಲಿ ಲಂಡನ್ನಿನಿಂದ ಪ್ರಕಟವಾದವು. ನಮ್ಮ ನಾಡಿನ ಶಿಲ್ಪವೈಭವವು ಛಾಯಾಚಿತ್ರದ ಮೂಲಕ ಹೊರಲೋಕಕ್ಕೆ ಪರಿಚಿತವಾದದ್ದು ಹೀಗೆ ಹವ್ಯಾಸಿಗಳಿಂದ ಎಂಬುದನ್ನು ನಾನು ಅಭಿಮಾನದಿಂದ ನೆನೆಯುತ್ತೇನೆ.

ಛಾಯಾಗ್ರಾಹಕರ ಸಂಘಗಳು ಹುಟ್ಟಿದ್ದೂ ಇವರ ಕಾಲದಲ್ಲಿಯೇ. 1839ರಲ್ಲಿ ಡಾಗೇರನ ಛಾಯಾಗ್ರಹಣ ವಿಧಾನವು ಪ್ಯಾರಿಸ್ಸಿನಲ್ಲಿ ಬಹಿರಂಗವಾಯಿತು. 1853ರಲ್ಲಿ ಲಂಡನ್ನಿನಲ್ಲಿ ಸಂಘವೊಂದು ಸ್ಥಾಪಿತವಾಯಿತು. ಅದರ ಮರುವರ್ಷವೇ ಮುಂಬಯಿಯಲ್ಲಿ, 1856ರಲ್ಲಿ ಕಲ್ಕತ್ತೆ ಮದರಾಸುಗಳಲ್ಲಿ ಅಂಥವೇ ಸಂಘಗಳು ತಲೆಯೆತ್ತಿದವು. ಇಷ್ಟೊಂದು ತ್ವರೆಗೆ ಕಾರಣವುಂಟು. ಕಾಗದಕ್ಕೆ ಬೆಳ್ಳಿಯ ಲವಣವನ್ನು ತಾನೇ ಸವರಿ, ತಾನೇ ಒಣಗಿಸಿ, ತಾನೇ ತೊಳೆದು ಚಿತ್ರವನ್ನು ಹೊರಗೆಡಹಬೇಕಾಗಿದ್ದ ಆ ದಿನಗಳಲ್ಲಿ, ಶೀತದೇಶದ ಪುಸ್ತಕವನ್ನು ನೋಡಿ ಕಲಸಿದ ದ್ರಾವಣವು ನಮ್ಮ ಬೇಸಗೆಗೆ ನಿಲ್ಲದೆ ಕೆಡುತ್ತಿದ್ದುದರಿಂದ, ಒಬ್ಬನಿಗೆ ಸಿದ್ಧಿಸಿದ ಪಾಕವು ಮತ್ತೊಬ್ಬನಿಗೆ ತಿಳಿಯಬೇಕಾದರೆ ಹತ್ತು ಜನ ಒಂದೆಡೆ ಕೂಡಲೇಬೇಕಾಗಿತ್ತು. ತರುವಾಯ 1888ರಲ್ಲಿ ಈಸ್ಟ್‌ಮನ್ನನ ಕೊಡಾಕ್ ಪೆಟ್ಟಿಗೆ ಬಂದು, ನೂರು ಚಿತ್ರಗಳ ಸುರುಳಿ ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿಕೊಟ್ಟರೆ ಸಾಕೆಂಬ ಅನುಕೂಲ ಒದಗಿದಾಗ, ರಸಾಯನಗಳ ಗೊಡವೆ ಬಹುಮಂದಿಗೆ ತಪ್ಪಿಹೋಯಿತು. ಆದರೂ ಸಂಘಗಳು ಮುಚ್ಚಿಹೋಗಲಿಲ್ಲ. ಪಾಕ ಕಲಿಯಬೇಕೆಂಬ ಆವಶ್ಯಕತೆ ತೀರಿದರೂ, ತನ್ನ ಚಿತ್ರವನ್ನು ಬಲ್ಲವರೊಬ್ಬರು ಕಣ್ಣಿಟ್ಟು ನೋಡಲಿ, ನೋಡಿ ತಮಗೆ ಕಂಡದ್ದನ್ನು ಮರೆಮಾಚದೆ ಹೇಳಲಿ ಎಂಬ ಹಂಬಲವು ತೀರುವಂಥದಾಗಿರಲಿಲ್ಲ. ಚಿತ್ರ ತೆಗೆಯುವುದು ಸುಲಭವಾದಷ್ಟೂ ಅದು ಬೆಳೆಯಿತು.

ನಮ್ಮ ದೇಶದ ಹವ್ಯಾಸಿ ಸಂಘಗಳನ್ನು ಒಂದು ಸೂತ್ರದಲ್ಲಿ ತಂದ ಭಾರತೀಯ ಛಾಯಾಗ್ರಹಣ ಒಕ್ಕೂಟವು 1953ರಲ್ಲಿ ಡಾಕ್ಟರ್ ಜಿ. ಥಾಮಸ್ ಅವರ ಪ್ರಯತ್ನದಿಂದ ಸ್ಥಾಪಿತವಾಯಿತು. ಇವರೂ ವೃತ್ತಿಯಿಂದ ವೈದ್ಯರೇ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿ, ನೃಪತುಂಗ ರಸ್ತೆಯ ರಾಜ್ಯ ಯುವಕೇಂದ್ರವನ್ನು ನೆಲೆಯಾಗಿಸಿಕೊಂಡು, ಬ್ಯಾಂಕಿನ ನೌಕರರು, ಕಾರ್ಖಾನೆಯವರು, ಅಧ್ಯಾಪಕರು, ವಿದ್ಯಾರ್ಥಿಗಳು ಒಂದೇ ಸಾಲಿನ ಕುರ್ಚಿಗಳಲ್ಲಿ ಕುಳಿತು ಚಿತ್ರ ನೋಡುವ ಪರಿಪಾಟಿಯನ್ನು ಐದು ದಶಕಗಳಿಗೂ ಮೀರಿ ಉಳಿಸಿಕೊಂಡು ಬಂದಿದೆ. ಮೈಸೂರಿನಲ್ಲಿಯೂ ಇಂತಹ ಸಂಘವುಂಟು. ಮಲೆನಾಡಿನ, ಕರಾವಳಿಯ ಊರುಗಳಲ್ಲಿ ಹೆಸರು ಫಲಕಗಳಿಲ್ಲದೆಯೇ, ಯಾರಾದರೊಬ್ಬರ ಮನೆಯ ಜಗುಲಿಯಲ್ಲಿ ಅಥವಾ ಸ್ಟುಡಿಯೋದ ಹಿಂಗೋಣೆಯಲ್ಲಿ ಸೇರುವ ಕೂಟಗಳೂ ಉಂಟು.

ಇಂತಹ ಕೂಟದ ಜೀವಾಳವಿರುವುದು ವಿಮರ್ಶೆಯ ಸಂಜೆಯಲ್ಲಿ. ಅಂಥದೊಂದು ಸಂಜೆ ನಾನು ಕಂಡದ್ದನ್ನು ಹೇಳುತ್ತೇನೆ. ತರುಣನೊಬ್ಬನು ಅಡಿಕೆ ಹರಡಿದ ಅಂಗಳದ ಚಿತ್ರವನ್ನು ದೊಡ್ಡ ಪ್ರಿಂಟು ಮಾಡಿಸಿ ತಂದಿದ್ದನು. ಇಳಿಬಿಸಿಲು ಓರೆಯಾಗಿ ಬಿದ್ದು ಒಂದೊಂದು ಅಡಿಕೆಗೂ ಒಂದೊಂದು ನೆರಳು ಕೊಟ್ಟಿತ್ತು. ನಡುವೆ ಬಾಗಿ ಅಡಿಕೆ ಕೆದಕುತ್ತಿದ್ದ ಮುದುಕಿ. ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಕೊಡ. ಮೇಲೆ ಮಾಡಿನ ಅಂಚಿನಿಂದಾಚೆ ಬೆಳ್ಳಗೆ ಸುಟ್ಟುಹೋದ ಆಕಾಶದ ಒಂದು ಪಟ್ಟಿ. ಸಭೆಯ ಹಿರಿಯರು ಬಹಳ ಹೊತ್ತು ಮಾತಿಲ್ಲದೆ ನೋಡಿದರು. ಆಮೇಲೆ ತಮ್ಮ ಚೀಲದಿಂದ 'ಎಲ್' ಅಕ್ಷರದ ಆಕಾರದಲ್ಲಿ ಕತ್ತರಿಸಿದ ಎರಡು ಕಪ್ಪು ರಟ್ಟುಗಳನ್ನು ತೆಗೆದು, ಪ್ರಿಂಟಿನ ಮೇಲೆ ಎದುರು ಬದುರಾಗಿಟ್ಟು, ಚೌಕಟ್ಟನ್ನು ಮೆಲ್ಲಮೆಲ್ಲನೆ ಕಿರಿದುಗೊಳಿಸುತ್ತ ಬಂದರು. ಆಕಾಶದ ಪಟ್ಟಿ ಮರೆಯಾಯಿತು, ಕೊಡ ಮರೆಯಾಯಿತು. "ಈಗ ಕಣ್ಣು ಎಲ್ಲಿಗೆ ಹೋಗುತ್ತೆ ನೋಡಪ್ಪಾ" ಎಂದರು. "ಅಜ್ಜಿಯ ಕೈಗೆ ಸಾರ್" ಎಂದನು ಹುಡುಗ. "ಮೊದಲು ಎಲ್ಲಿಗೆ ಹೋಗ್ತಿತ್ತು?" "ಕೊಡಕ್ಕೆ." ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. ರಟ್ಟಿನಿಂದ ಮುಚ್ಚಿದ್ದನ್ನು ಕ್ಯಾಮೆರಾದಲ್ಲಿಯೇ ಮುಚ್ಚಬಹುದಾಗಿತ್ತೆಂದೂ, ಎರಡು ಹೆಜ್ಜೆ ಎಡಕ್ಕೆ ಸರಿದು ಮಂಡಿಯೂರಿದ್ದರೆ ಆಕಾಶವೂ ಕೊಡವೂ ತಾವಾಗಿ ಹೊರಗುಳಿದು ಮುದುಕಿಯ ಮುಖಕ್ಕೂ ಬೆಳಕು ತಾಗುತ್ತಿತ್ತೆಂದೂ, ಆ ಅಂಗಳದ ನೆಲವನ್ನೇ ಕಂಡವರಂತೆ ವಿವರಿಸಿದರು. ಆಗ ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು, ಕೊಡವಿದ್ದರೇ ಅದು ನಮ್ಮ ಮನೆಯ ಅಂಗಳ, ಅದನ್ನು ತೆಗೆದರೆ ಯಾವ ಊರಿನದೋ ಆಗುತ್ತದೆ ಎಂದು ಪ್ರತಿವಾದ ಹೂಡಿದರು. ಅರ್ಧ ಗಂಟೆ ಚರ್ಚೆ ನಡೆಯಿತು, ತೀರ್ಮಾನವಾಗಲಿಲ್ಲ. ಹುಡುಗನು ಎರಡು ಕಡೆಯ ಮಾತನ್ನೂ ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಿಂದ ಬರೆದುಕೊಂಡನು.

ತಾನು ತೆಗೆದ ಚಿತ್ರದ ದೋಷವನ್ನು ತಾನೇ ಕಾಣುವುದು ದುಸ್ಸಾಧ್ಯ. ತೆಗೆದವನ ನೆನಪಿನಲ್ಲಿ ಅಂದಿನ ಗಾಳಿಯೂ ಸಪ್ಪಳವೂ ದಾರಿ ನಡೆದ ಆಯಾಸವೂ ಬೆರೆತಿರುವುದರಿಂದ, ಕಾಗದದ ಮೇಲೆ ಇಲ್ಲದಿರುವುದನ್ನೂ ಅವನು ಕಾಣುತ್ತಾನೆ. ನೋಡುವವನಿಗಾದರೋ ನಾಲ್ಕು ಅಂಚುಗಳೊಳಗೆ ಏನುಂಟೋ ಅಷ್ಟೇ. ಈ ಅಂತರವನ್ನು ಸ್ನೇಹದಿಂದ ತೋರಿಸಿಕೊಡುವವರು ದೊರೆಯುವುದು ದೊಡ್ಡ ಭಾಗ್ಯವೆಂದು ನಾನು ತಿಳಿದಿದ್ದೇನೆ. "ಚೆನ್ನಾಗಿದೆ" ಎಂಬ ಒಂದು ಮಾತಿನಿಂದ ಯಾರೂ ಕಲಿತದ್ದಿಲ್ಲ.

ನಮ್ಮ ನಾಡಿನ ವನ್ಯಜೀವಿ ಛಾಯಾಗ್ರಹಣದ ಇತಿಹಾಸವೇ ಇದಕ್ಕೆ ಸಾಕ್ಷಿ. ಬೆಂಗಳೂರಿನಲ್ಲಿ ನೆಲೆಸಿದ್ದ ಟಿ.ಎನ್.ಎ. ಪೆರುಮಾಳ್ ಅವರು ಈ ಕಲೆಯನ್ನು ಯಾವ ಕಾಲೇಜಿನಲ್ಲಿಯೂ ಕಲಿಯಲಿಲ್ಲ, ಓ.ಸಿ. ಎಡ್ವರ್ಡ್ಸ್ ಅವರನ್ನು ಗುರುವೆಂದು ಭಾವಿಸಿ, ಅವರೊಡನೆ ಕಾಡು ಕೆರೆಗಳನ್ನು ಸುತ್ತಿ ಕಲಿತರು, ತರುವಾಯ ತಾವೂ ಕಿರಿಯರಿಗೆ ಹಾಗೆಯೇ ಕಲಿಸಿದರು. ಅದೇ ನಗರದ ಇ. ಹನುಮಂತರಾಯರೂ, ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರೂ ಈ ಪರಂಪರೆಗೆ ಸೇರಿದವರೇ. ರಾಜ್ಯದ ಹಣಕಾಸಿನ ಮಂತ್ರಿಪದವಿಯನ್ನು ಹೊತ್ತ ಘೋರ್ಪಡೆಯವರು ಕಾಡಿನ ಮರೆಗೂಡಿನಲ್ಲಿ ಕುಳಿತು ಚಿತ್ರ ತೆಗೆಯುವ ವ್ಯಾಸಂಗವನ್ನು ಬಿಡದೆ, ತಮ್ಮ ಅನುಭವಗಳನ್ನು 1983ರಲ್ಲಿ ಪುಸ್ತಕವಾಗಿ ಹೊರತಂದರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಅಲೆದ ಪೂರ್ಣಚಂದ್ರ ತೇಜಸ್ವಿಯವರ ಚಿತ್ರಗಳನ್ನಂತೂ ಕನ್ನಡ ಓದುಗರಿಗೆ ಪರಿಚಯಿಸಬೇಕಾಗಿಲ್ಲ.

ಸಲಕರಣೆಗಳ ವಿಷಯದಲ್ಲಿ ಸಂಘದ ಹಿರಿಯರಿಂದ ದೊರೆಯುವ ಸಲಹೆಗೆ ಬೇರೆಯೇ ಬೆಲೆಯುಂಟು. ಹೇಳುವವನಿಗೆ ಮಾರಬೇಕಾದ ಸರಕಿಲ್ಲ. ಹೊಸಬನು ಬಂದು ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದರೆ, ಏನು ತೆಗೆಯುವ ಆಸೆ ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ. ಜನರ ನಡುವೆ ಸಂತೆ ಜಾತ್ರೆಗಳಲ್ಲಿ ತಿರುಗುವವನಿಗೆ ಐವತ್ತು ಮಿಲಿಮೀಟರಿನ ಒಂದು ಚಿಕ್ಕ ಲೆನ್ಸು ಸಾಕು. ರಂಗನತಿಟ್ಟಿನ ಹಕ್ಕಿಗಳ ಮೇಲೆ ಮನಸ್ಸಿಟ್ಟವನಿಗೆ ನಾನೂರು ಮಿಲಿಮೀಟರೂ ಸಾಲದು, ಆಗ ಅಂತಹ ಲೆನ್ಸನ್ನು ಕೈಯಲ್ಲಿ ಹಿಡಿದರೆ ಸೆಕೆಂಡಿನ ನಾನೂರರಲ್ಲೊಂದು ಭಾಗಕ್ಕಿಂತ ನಿಧಾನವಾದ ಶಟರಿಗೆ ಚಿತ್ರ ನಡುಗುತ್ತದೆಂಬುದನ್ನೂ ತಿಳಿದಿರಬೇಕು. ಬೆಳಕಳೆಯುವ ಮೀಟರು ಕೈಕೊಟ್ಟ ದಿನಕ್ಕಾಗಿ, ನಿಚ್ಚಳ ಬಿಸಿಲಿನಲ್ಲಿ ಅಪರ್ಚರನ್ನು 16ಕ್ಕಿಟ್ಟು, ಫಿಲ್ಮಿನ ವೇಗವು ನೂರಾದರೆ ಶಟರನ್ನು ಸೆಕೆಂಡಿನ ಸುಮಾರು ನೂರರಲ್ಲೊಂದು ಭಾಗಕ್ಕಿಡುವ ಹಳೆಯ ಸೂತ್ರವನ್ನು ಇಂದಿಗೂ ಇಲ್ಲಿ ಬಾಯಿಪಾಠ ಮಾಡಿಸುತ್ತಾರೆ.

ನಮ್ಮ ಹವೆಗೇ ಮೀಸಲಾದ ಒಂದು ತಿಳಿವಳಿಕೆಯೂ ಇಲ್ಲಿ ದೊರೆಯುತ್ತದೆ, ಕ್ಯಾಮೆರಾದೊಡನೆ ಬರುವ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲಿಗಿಂತ ಹೆಚ್ಚು ಸ್ಥಳವಿರುವುದಿಲ್ಲ. ಆಗುಂಬೆಯ ಕಡೆಯವರೂ ಮಂಗಳೂರಿನವರೂ ಮಳೆಗಾಲ ಕಳೆದ ಮೇಲೆ ತಮ್ಮ ಲೆನ್ಸನ್ನು ತಂದು ಹಿರಿಯರ ಕೈಗಿಡುತ್ತಾರೆ. ಅವರು ಅದರ ಅಪರ್ಚರನ್ನು ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚಿನ ಬೆಳಕು ಹಾಯಿಸಿ, ಗಾಜನ್ನು ಓರೆಯಾಗಿ ತಿರುಗಿಸುತ್ತಾರೆ. ಅಂಚಿನಿಂದ ನಡುವಿಗೆ ಕವಲೊಡೆದು ಹರಿದ, ಜೇಡನ ನೂಲಿಗಿಂತ ತೆಳುವಾದ ಬಿಳಿಯ ಎಳೆಗಳು ಆಗ ಕಾಣುತ್ತವೆ, ಬೂಷ್ಟು ಹಿಡಿದಿದೆ. ತೇವವೂ ಕತ್ತಲೆಯೂ ಕದಲದ ಗಾಳಿಯೂ ಕೂಡಿದಲ್ಲಿ ಅದು ಗಾಜಿನ ಮೇಲಣ ಧೂಳನ್ನೇ ಉಂಡು ಬೆಳೆಯುತ್ತದೆ, ಬಹುಕಾಲ ಬಿಟ್ಟರೆ ಗಾಜಿನ ಲೇಪವನ್ನೂ ತಿನ್ನುತ್ತದೆ. ಚರ್ಮದ ಚೀಲದಲ್ಲಿಟ್ಟು ಬೀರುವಿನೊಳಗೆ ಜೋಪಾನ ಮಾಡಿದವರ ಲೆನ್ಸಿಗೇ ಈ ಗತಿ ಹೆಚ್ಚು. ಗಾಳಿಯಾಡದ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶವನ್ನು ನೂರಕ್ಕೆ ನಲವತ್ತರಿಂದ ಐವತ್ತರೊಳಗೆ ಕಾಯ್ದುಕೊಳ್ಳುವುದು, ಬಿಸಿಲು ಕಂಡ ದಿನ ಹೊರತೆಗೆದು ಬಳಸುವುದು: ಇದಿಷ್ಟೇ ಪರಿಹಾರ. ಜೆಲ್ಲಿನ ನೀಲಿ ಹರಳು ನಸುಗೆಂಪಿಗೆ ತಿರುಗಿದರೆ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಮತ್ತೆ ನೀಲಿ ಮಾಡಿಕೊಳ್ಳುವುದನ್ನೂ ಅಲ್ಲಿಯೇ ಕಲಿಯಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಆತಂಕವನ್ನೂ ಹೇಳಬೇಕು. 1950ರಲ್ಲಿ ಸ್ಥಾಪಿತವಾದ, ಛಾಯಾಚಿತ್ರ ಕಲೆಯ ಅಂತಾರಾಷ್ಟ್ರೀಯ ಒಕ್ಕೂಟದ ಮನ್ನಣೆ ಪಡೆದ ಸೆಲಾನ್ ಎಂಬ ಸ್ಪರ್ಧೆಗಳಲ್ಲಿ ಎಷ್ಟು ಚಿತ್ರಗಳು ಅಂಗೀಕೃತವಾದವೆಂಬ ಲೆಕ್ಕದ ಮೇಲೆ ಹೆಸರಿನ ಮುಂದೆ ಬಿರುದಿನ ಅಕ್ಷರಗಳು ಸೇರುತ್ತವೆ. ಈ ವ್ಯವಸ್ಥೆಯು ಹಳ್ಳಿಯ ಹವ್ಯಾಸಿಯ ಚಿತ್ರವನ್ನು ಪರದೇಶದ ತೀರ್ಪುಗಾರರ ಮುಂದಿಟ್ಟಿತೆಂಬುದು ನಿಜ, ಅದರ ಉಪಕಾರ ದೊಡ್ಡದು. ಆದರೆ ಯಾವ ಬಗೆಯ ಚಿತ್ರಕ್ಕೆ ಅಂಗೀಕಾರ ದೊರೆಯುತ್ತದೆಂಬುದನ್ನು ಅರಿತು, ಅದೇ ಮಂಜು, ಅದೇ ಎತ್ತಿನ ಗಾಡಿ, ಅದೇ ಕಂಬಳದ ನೀರಿನ ಸಿಡಿತವನ್ನು ಮತ್ತೆ ಮತ್ತೆ ತೆಗೆಯುವ ಪ್ರವೃತ್ತಿಯೂ ಇದರಿಂದಲೇ ಹುಟ್ಟಿತು. ಸಾರಿಗೆ ಇಂಗು ಹೆಚ್ಚಾದಂತೆ ಬಣ್ಣ ಹೆಚ್ಚಿಸುವ ಚಾಳಿಯೂ ಬಂದಿತು. ನಿಸರ್ಗ ವಿಭಾಗದಲ್ಲಿ ಮಾತ್ರ ನಿಯಮಗಳು ಬಿಗಿಯಾಗಿ ನಿಂತಿರುವುದು ಸಮಾಧಾನದ ಸಂಗತಿ. ಅಂತಾರಾಷ್ಟ್ರೀಯ ಒಕ್ಕೂಟವೂ ಅಮೆರಿಕದ ಮತ್ತು ಬ್ರಿಟನ್ನಿನ ಸಂಘಗಳೂ ಸೇರಿ 2015ರಿಂದ ಜಾರಿಗೆ ತಂದ ನಿರೂಪಣೆಯಂತೆ, ಅಲ್ಲಿ ಚಿತ್ರದ ಅಂಚನ್ನು ಕತ್ತರಿಸಬಹುದೇ ಹೊರತು ಒಳಗಿನದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಹಿಂದಿನವರು ತಾಯಿಹಕ್ಕಿ ಮರಳಿ ಬಂದೇ ಬರುವುದೆಂದು ಗೂಡಿನೆದುರು ಮರೆಕಟ್ಟಿ ಕಾಯುತ್ತಿದ್ದರು. ಮರಿಗಳಿಗೆ ಅಪಾಯವೆಂದು ನಮ್ಮ ಹಲವು ಸಂಘಗಳು ಈಗ ಗೂಡಿನ ಚಿತ್ರವನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ. ಒಳ್ಳೆಯ ಚಿತ್ರಕ್ಕಿಂತ ಮರಿಯ ಜೀವ ದೊಡ್ಡದೆಂಬ ಈ ನಿರ್ಧಾರವನ್ನು ಯಾವ ಬಿರುದಿಗಿಂತಲೂ ಮಿಗಿಲಾದ ಗೌರವವೆಂದು ನಾನು ಎಣಿಸುತ್ತೇನೆ.

ಸೇರಬೇಕೆಂಬ ಮನಸ್ಸುಳ್ಳವರು ಬೆಲೆಬಾಳುವ ಕ್ಯಾಮೆರಾ ಕೊಳ್ಳುವವರೆಗೆ ಕಾಯಬೇಕಾಗಿಲ್ಲ. ಜೇಬಿನಲ್ಲಿರುವ ಫೋನಿನಿಂದ ತೆಗೆದ ಚಿತ್ರವೂ ಸಲ್ಲುತ್ತದೆ. ಆದರೆ ಪರದೆಯ ಮೇಲೆ ಬೆರಳಾಡಿಸಿ ತೋರಿಸುವುದಕ್ಕಿಂತ, ನಾಲ್ಕಾರನ್ನಾದರೂ ಆರಿಸಿ ಕಾಗದದ ಮೇಲೆ ಪ್ರಿಂಟು ಹಾಕಿಸಿ ಒಯ್ಯುವುದು ಒಳ್ಳಿತು, ನೂರು ಚಿತ್ರಗಳಲ್ಲಿ ಆ ನಾಲ್ಕನ್ನು ಏತಕ್ಕೆ ಆರಿಸಿದಿರೆಂಬ ಪ್ರಶ್ನೆಯಿಂದಲೇ ಅಲ್ಲಿ ಮಾತು ಮೊದಲಾಗುತ್ತದೆ. ಮೆಚ್ಚಿನದಾಗಿಯೂ ಏಕೋ ಕೊರತೆಯೆನಿಸುವ ಚಿತ್ರವೊಂದು ಅವುಗಳ ನಡುವೆ ಇರಲಿ. ಪ್ರಿಂಟಿನ ಬೆನ್ನಿನಲ್ಲಿ ಬರೆದುಕೊಳ್ಳಲು ಒಂದು ಪೆನ್ಸಿಲೂ ಜೊತೆಗಿರಲಿ.